ಹೊಳೆಯಪ್ಪ ಮಾಡಿದ ತಗಡಿನ ಅಂಗಿ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕಾರ್ಖಾನೆಗಳ ಸಾಲು ಮುಗಿದು ಮನೆಗಳ ಸಾಲು ಶುರುವಾಗುವ ಕಡೆ ಹೊಳೆಯಪ್ಪನ ಅಂಗಡಿ ಇತ್ತು. ಅಂಗಡಿ ಅಂದರೆ ದೊಡ್ಡ ಮಾತಾಯಿತು. ನಾಲ್ಕು ಕಂಬ, ಮೇಲೊಂದು ತಗಡು, ಹಿಂದೆ ಎರಡು ಕೋಣೆಯ ಮನೆ, ಅಷ್ಟೇ. ಅವನ ಅಪ್ಪ ಉಪ್ಪಿನಬೆಟಗೇರಿಯಿಂದ ಕತ್ತರಿ, ಸುತ್ತಿಗೆ ಗಂಟು ಕಟ್ಟಿಕೊಂಡು ಬಂದು ಅಲ್ಲಿ ಕೂತಾಗಿನಿಂದ ಕಾಳು ತುಂಬಿಡುವ ತಗಡಿನ ಕಣಜ ಬೇಕೆಂದವರು ಬೇರೆ ಕಡೆ ಹೋದದ್ದು ಕಡಿಮೆ.

ಹೆಸರು ಬಂದದ್ದು ಒಂದೇ ಕಾರಣಕ್ಕೆ. ಹೊಳೆಯಪ್ಪನ ಕಣಜದೊಳಗೆ ಇರುವೆ ಹೋಗುತ್ತಿರಲಿಲ್ಲ. ಇಲಿಯ ಮಾತು ಬಿಡಿ, ನುಸಿಗೂ ಅಲ್ಲಿ ದಾರಿ ಸಿಗುತ್ತಿರಲಿಲ್ಲ. ಕಣಜ ಬೆಸೆದು ಮುಗಿದ ಮೇಲೆ ಅದನ್ನು ನಡುಮಧ್ಯಾಹ್ನದ ಬಿಸಿಲಿಗೆ ಎಳೆದು ನಿಲ್ಲಿಸಿ, ತಾನೇ ಒಳಗಿಳಿದು ಕುಕ್ಕರಗಾಲಲ್ಲಿ ಕೂತು, ಹೆಂಡತಿ ಸಾವಕ್ಕನಿಗೆ ಮೇಲೆ ಮುಚ್ಚಳ ಹಾಕಲು ಹೇಳುತ್ತಿದ್ದ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಸೂಜಿಮೊನೆಯಷ್ಟು ಬೆಳಕು ಕಂಡರೂ ಅಲ್ಲಿ ತೂತಿದೆ ಅಂತ ಲೆಕ್ಕ. ಬಳಪದಿಂದ ಗುರುತು ಮಾಡಿ, ಹೊರಗೆ ಬಂದು, ಬೆಸುಗೆಯ ಸಲಾಕೆಯನ್ನು ಮತ್ತೆ ಒಲೆಗಿಡುತ್ತಿದ್ದ. ಏನೂ ಕಾಣದಿದ್ದರೆ ಒಳಗಿನಿಂದ ಎರಡು ಸಲ ಬಡಿಯುತ್ತಿದ್ದ, ಸಾವಕ್ಕ ಮುಚ್ಚಳ ತೆಗೆಯುತ್ತಿದ್ದಳು. ಕೆಲವು ಸಲ ಅವಳು ಬೇಕಂತಲೇ ತಡ ಮಾಡುವುದಿತ್ತು. ಗಂಡ ಎಲ್ಲಿದ್ದಾನೆಂದು ತನಗೆ ಖಾತ್ರಿಯಾಗಿ ಗೊತ್ತಿರುವ ಹೊತ್ತು ಅದೊಂದೇ ಎಂದು ನೆರೆಯವರ ಮುಂದೆ ಹೇಳಿ ನಗುತ್ತಿದ್ದಳು.

ಇನ್ನೊಂದು ರೂಢಿ ಅವನ ಅಪ್ಪನಿಂದ ಬಂದದ್ದು. ಕಣಜವನ್ನು ಬರಿದಾಗಿ ಕೊಡಬಾರದು. ಕೊಂಡವರ ಬಂಡಿಗೋ ಟೆಂಪೋಗೋ ಏರಿಸುವ ಮೊದಲು ಒಂದು ಹಿಡಿ ಜೋಳ ಒಳಗೆ ಹಾಕಬೇಕು. ಆ ಹಿಡಿ ಜೋಳ ದಾರಿಯುದ್ದಕ್ಕೂ ಝಲ್ಲು ಝಲ್ಲೆನ್ನುತ್ತ ಹೋಗುತ್ತಿತ್ತು. ಅದು ಕೇಳದಷ್ಟು ದೂರವಾಗುವವರೆಗೂ ಹೊಳೆಯಪ್ಪ ಬೇರೆ ಕೆಲಸಕ್ಕೆ ಕೈ ಹಚ್ಚುತ್ತಿರಲಿಲ್ಲ.

ಕೆಲಸದಲ್ಲಿ ಇಷ್ಟು ಗಟ್ಟಿಗ, ನಾಲ್ಕು ಜನರ ನಡುವೆ ಮಾತ್ರ ನೀರಿನಲ್ಲಿ ನೆನೆದ ಕಾಗದ. ಲಗ್ನದ ಮನೆಯಲ್ಲಿ ಅವನದು ಯಾವಾಗಲೂ ಕಡೆಯ ಪಂಕ್ತಿ. ತನ್ನ ಲಗ್ನದಲ್ಲೇ ಅಕ್ಕಿಕಾಳಿನ ಹೊತ್ತಿಗೆ ಹಂದರದ ಕಂಬದ ಮರೆಗೆ ನಿಂತಿದ್ದನೆಂದೂ, ಮಾವ ರಟ್ಟೆ ಹಿಡಿದು ಕರೆತಂದನೆಂದೂ ಸಾವಕ್ಕ ಇಂದಿಗೂ ಹೇಳುತ್ತಾಳೆ. ಅವನ ಮುಖ ನೋಡಿ ಗುರುತು ಹಿಡಿಯುವವರಿಗಿಂತ ಕಾಲು ನೋಡಿ ಗುರುತು ಹಿಡಿಯುವವರೇ ಹೆಚ್ಚು. ಎಡಗಾಲಿನ ಹೆಬ್ಬೆರಳ ಮೇಲೆ ಒಮ್ಮೆ ತಗಡು ಬಡಿಯುವ ಅಡಿಗಲ್ಲು ಬಿದ್ದು, ಉಗುರು ಹೋಗಿ, ಬೆರಳು ಸುಟ್ಟ ಬದನೆಕಾಯಿಯ ಹಾಗೆ ಕಪ್ಪಾಗಿ ಉಳಿದಿತ್ತು.

ತಾಯಿಯಂತೆ ಮಗಳು ಎನ್ನುತ್ತಾರೆ. ಈ ಮನೆಯಲ್ಲಿ ಗಾದೆ ಸುಳ್ಳಾಯಿತು. ಮಗಳು ಲಕ್ಷ್ಮೀ ಅಚ್ಚು ಅಪ್ಪನೇ. ಸಾವಿರದ ಒಂಬೈನೂರ ತೊಂಬತ್ತೊಂಬತ್ತರಲ್ಲಿ ಎಂಟನೆತ್ತೆ ಓದುತ್ತಿದ್ದಳು. ತರಗತಿಯಲ್ಲಿ ಎಲ್ಲರಿಗಿಂತ ಎತ್ತರ, ದನಿ ಎಲ್ಲರಿಗಿಂತ ಸಣ್ಣ. ಸಾಲೆಯ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ಪ್ರತಿ ವರ್ಷ ಅವಳಿಗೆ ಪರದೆ ಎಳೆಯುವ ಕೆಲಸ. ಆರನೆತ್ತೆಯಲ್ಲಿ ಒಮ್ಮೆ ಪದ್ಯ ಹೇಳಲು ಸ್ಟೇಜಿಗೆ ಕಳಿಸಿದ್ದರು. ಎದುರಿಗೆ ಜನರನ್ನು ಕಂಡಿದ್ದೇ ಕಾಲು ನಡುಗಿ, ಬಾಯಿ ಕಟ್ಟಿ, ಅಳುತ್ತ ಇಳಿದು ಬಂದಿದ್ದಳು. ಆಮೇಲೆ ಅವಳನ್ನು ಯಾರೂ ಕೇಳಲಿಲ್ಲ, ಅವಳೂ ಮುಂದೆ ಬರಲಿಲ್ಲ.

ಆ ವರ್ಷ ಮನೆಗೆ ವಿಡಿಯೋ ಗೇಮು ಬಂತು. ಪಕ್ಕದಲ್ಲಿ ರೇಡಿಯೋ, ಟೀವಿ ರಿಪೇರಿ ಮಾಡುತ್ತಿದ್ದ ಶಶಿಕಾಂತನಿಗೆ ಹೊಳೆಯಪ್ಪ ಬ್ಯಾಟರಿ ಇಡಲು ತಗಡಿನ ಪೆಟ್ಟಿಗೆ ಮಾಡಿಕೊಟ್ಟಿದ್ದ. ಅದರ ಬದಲಿಗೆ ಅವನು ಯಾರೋ ಬಿಟ್ಟುಹೋದ ಹಳೆಯ ಗೇಮಿನ ಡಬ್ಬಿಯನ್ನೂ ಒಂದೇ ಒಂದು ಕ್ಯಾಸೆಟ್ಟನ್ನೂ ಕೊಟ್ಟು, ಇವರ ಕಪ್ಪು-ಬಿಳುಪು ಟೀವಿಗೆ ಜೋಡಿಸಿಹೋದ. ಕ್ಯಾಸೆಟ್ಟಿನ ಚೀಟಿ ಹರಿದಿತ್ತು. ತೆರೆಯ ಮೇಲೆ ಬರುತ್ತಿದ್ದ ಅಕ್ಷರ ಯಾವ ದೇಶದ್ದೋ ದೇವರಿಗೇ ಗೊತ್ತು. ಅಡಿಯಿಂದ ಮುಡಿಯವರೆಗೆ ಕಬ್ಬಿಣದ ಅಂಗಿ ತೊಟ್ಟ ಒಬ್ಬ ವೀರ ಅದರಲ್ಲಿ ಧಡ್ ಧಡ್ ಎಂದು ನಡೆಯುತ್ತಿದ್ದ. ಬೆಂಕಿ ಉಗುಳುವ ಹಲ್ಲಿಗಳನ್ನು ತುಳಿಯುತ್ತಿದ್ದ. ಎಲ್ಲ ಮುಗಿದ ಮೇಲೆ ನಿಂತಲ್ಲೇ ಮೂರು ಸಲ ಜಿಗಿಯುತ್ತಿದ್ದ. ಅದೇ ಕ್ಯಾಸೆಟ್ಟು ಆಗ ಹುಬ್ಬಳ್ಳಿಯಲ್ಲಿ ನಾಲ್ಕಾರು ಮನೆಗಳಲ್ಲಿ ಇತ್ತು. ಹೆಸರು ತಿಳಿಯದ ಆ ವೀರನಿಗೆ ಸಾಲೆಯ ಮಕ್ಕಳು ಲೋಖಂಡಿ ಕಾಕಾ, ಅಂದರೆ ಕಬ್ಬಿಣದ ಕಾಕಾ, ಎಂದು ಹೆಸರಿಟ್ಟಿದ್ದರು.

ಲಕ್ಷ್ಮೀ ಆಡುವಾಗ ಅವಳನ್ನು ನೋಡಬೇಕಿತ್ತು. ಬೆನ್ನು ನೆಟ್ಟಗೆ, ಕಣ್ಣು ಅಗಲ, ಬಾಯಿಯಲ್ಲಿ ಗೊಣಗಾಟ. ಹಲ್ಲಿಗಳ ರಾಜನಿಗೂ ಅವಳು ಹೆದರುತ್ತಿರಲಿಲ್ಲ. ಹೊಳೆಯಪ್ಪ ಬಾಗಿಲಲ್ಲಿ ಕೂತು ಟೀವಿ ಬಿಟ್ಟು ಮಗಳನ್ನೇ ನೋಡುತ್ತಿದ್ದ.

ಡಿಸೆಂಬರಿನಲ್ಲಿ ಚನ್ನಬಸವ್ವ ಅಕ್ಕೋರು ತರಗತಿಗೆ ಬಂದು, ಗ್ಯಾದರಿಂಗಿಗೆ ವೇಷದ ಸ್ಪರ್ಧೆ ಇದೆ, ಯಾರು ಯಾರು ಸೇರುತ್ತೀರಿ ಎಂದು ಕೇಳಿದರಂತೆ. ಲಕ್ಷ್ಮೀ ಕೈ ಎತ್ತಿದಳು. ಅಕ್ಕೋರು ಕಿಟಕಿ ತೆಗೆಯಲು ಕೇಳುತ್ತಿದ್ದಾಳೆಂದು ತಿಳಿದರು. ಮನೆಗೆ ಬಂದು ಅವಳು ಅಪ್ಪನ ಎದುರು ಕೂತು, ಉಗುರು ಕಚ್ಚುತ್ತ, ಲೋಖಂಡಿ ಕಾಕಾನ ಅಂಗಿ ಬೇಕೆಂದಳು. ಉಳಿದವರೆಲ್ಲ ರಟ್ಟಿನಲ್ಲಿ ಮಾಡಿಸುತ್ತಾರೆ, ರಟ್ಟಾದರೂ ನಡೆಯುತ್ತದೆ ಎಂದೂ ಸೇರಿಸಿದಳು. ರಟ್ಟು ಎಂಬ ಮಾತು ಕೇಳಿ ಹೊಳೆಯಪ್ಪನಿಗೆ ಯಾರೋ ಬೈದಷ್ಟು ಬೇಸರವಾಯಿತು.

ಅಂದಿನಿಂದ ಆ ಮನೆಯಲ್ಲಿ ಬೇರೆ ಕೆಲಸ ನಿಂತಿತು. ನಾಲ್ಕೂ ಮಗ್ಗುಲು ನೋಡದೆ ತಗಡಿಗೆ ಕತ್ತರಿ ಹಚ್ಚಬಾರದೆಂಬುದು ಅವನ ನಿಯಮ. ಸಂಜೆಯಾದರೆ ಟೀವಿ ಮುಂದೆ ಅಳತೆಪಟ್ಟಿ ಹಿಡಿದು ಕೂತ. ಎದೆ ಕಂಡಿತು, ಮಗ್ಗುಲು ಕಂಡಿತು. ಬೆನ್ನು ಮಾತ್ರ ಕಾಣಲೊಲ್ಲದು. ಒಮ್ಮೆ ಆ ಗೃಹಸ್ಥನನ್ನು ಹಿಂದಕ್ಕೆ ತಿರುಗಿಸು ಎಂದು ಮಗಳಿಗೆ ಹೇಳಿದ.

"ಅಂವ ತಿರಗಂಗಿಲ್ರಿ ಅಪ್ಪಾ," ಎಂದಳು ಲಕ್ಷ್ಮೀ. "ಬರೇ ಮುಂದ ಹೋಗತಾನ."

ಬೆನ್ನಿಲ್ಲದ ಮನುಷ್ಯ ಇರುತ್ತಾನೆಯೇ ಎಂದು ಹೊಳೆಯಪ್ಪ ಮೂರು ಸಂಜೆ ಕಾದ. ಲೋಖಂಡಿ ಕಾಕಾ ತಿರುಗಲಿಲ್ಲ. ಕೊನೆಗೆ ಬೆನ್ನನ್ನು ತನಗೆ ಬಂದಂತೆಯೇ ಮಾಡಿದ, ಅಂದರೆ ಟ್ರಂಕಿನ ಮುಚ್ಚಳದ ಹಾಗೆ, ಎರಡು ಬಿಜಾಗರಿ ಹಾಕಿ, ನಡುವೆ ಚಿಲಕ ಕೊಟ್ಟು. ಬೀಗವೊಂದು ಬಾಕಿ ಎಂದು ಸಾವಕ್ಕ ಚೇಷ್ಟೆ ಮಾಡಿದಳು. ಆದರೂ ತಗಡಿನ ಅಂಚು ಮಗಳಿಗೆ ತಾಗಬಾರದೆಂದು ಒಳಗೆಲ್ಲ ಹಳೆಯ ಕೌದಿ ಕತ್ತರಿಸಿ ಹೊಲಿದವಳು ಅವಳೇ. ಭಾರವಾಗಬಾರದೆಂದು ಹೊಳೆಯಪ್ಪ ಕಣಜದ ತಗಡು ಬಿಟ್ಟು ಎಣ್ಣೆ ಡಬ್ಬಿಯ ತೆಳು ತಗಡು ಬಿಚ್ಚಿದ. ಮೊಳಕೈಗೆ, ಮೊಣಕಾಲಿಗೆ ಒಂದರ ಮೇಲೊಂದು ಸರಿಯುವ ಪಟ್ಟಿ ಕೂಡಿಸಿದ. ಹೆಗಲ ಮೇಲೆ ಎರಡು ದುಂಡನೆಯ ಪೊಳ್ಳು ಗುಂಡು ಇಟ್ಟು, ಬೆಸೆಯುವ ಮೊದಲು ರೂಢಿಯಂತೆ ಒಂದೊಂದರೊಳಗೂ ಚಿಟಿಕೆ ಜೋಳ ಹಾಕಿದ. ಬಣ್ಣದ ಗೊಡವೆಯೇ ಇರಲಿಲ್ಲ. ಅವರ ಟೀವಿಯಲ್ಲಿ ಲೋಖಂಡಿ ಕಾಕಾ ಇದ್ದದ್ದೇ ತಗಡಿನ ಬಣ್ಣ.

ಗ್ಯಾದರಿಂಗಿಗೆ ಮೂರು ದಿನ ಇರುವಾಗ, ಆದಿತ್ಯವಾರ ಮಧ್ಯಾಹ್ನ, ಅಂಗಳದಲ್ಲಿ ಅಂಗಿ ತೊಡಿಸಿದರು. ತಲೆಗೆ ಮುಖವನ್ನೂ ಮುಚ್ಚುವ ತಗಡಿನ ಕುಲಾವಿ ಇಟ್ಟು, ಬೆನ್ನ ಚಿಲಕ ಹಾಕಿ ಹೊಳೆಯಪ್ಪ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ. ಟೀವಿಯಿಂದ ಇಳಿದು ಬಂದ ಹಾಗಿತ್ತು. ಅವನಿಗೆ ಕಣ್ಣು ತುಂಬಿತು. ಅದನ್ನು ಹೊಗೆಯ ಮೇಲೆ ಹಾಕಲು ಅಂದು ಒಲೆಯನ್ನೂ ಹೊತ್ತಿಸಿರಲಿಲ್ಲ.

"ಕಾಣತೈತೇನವಾ?" ಎಂದು ಕೇಳಿದ.

"ಕಾಣತೈತ್ರಿ," ಎಂದಿತು ಒಳಗಿನ ದನಿ.

ಹಾಗಾದರೆ ನಡೆ ಎಂದ. ಅವಳು ನಡೆದಳು. ಹೆಜ್ಜೆ ಹೆಜ್ಜೆಗೆ ಹೆಗಲಲ್ಲಿ ಝಲ್ಲು ಝಲ್ಲು. ಐದನೆಯ ಹೆಜ್ಜೆಗೆ ನೇರವಾಗಿ ಹೋಗಿ, ಬಿಸಿಲಿಗೆ ನಿಲ್ಲಿಸಿದ್ದ ಆಳೆತ್ತರದ ಕಣಜಕ್ಕೆ ಡಿಕ್ಕಿ ಹೊಡೆದು ಕೆಳಗೆ ಕೂತಳು. ಆ ಸದ್ದಿಗೆ ಪಕ್ಕದ ಅಂಗಡಿಯಿಂದ ಶಶಿಕಾಂತ ಓಡಿಬಂದ.

ಪೆಟ್ಟಾಗಿರಲಿಲ್ಲ. ಕೌದಿಗೆ ಪುಣ್ಯ ಬರಲಿ. ಹೊಳೆಯಪ್ಪ ಕುಲಾವಿ ಬಿಚ್ಚಿ, ಅದನ್ನು ತನ್ನ ಮುಖಕ್ಕೆ ಒತ್ತಿ ಹಿಡಿದು ಸೂರ್ಯನ ಕಡೆ ತಿರುಗಿದ. ಕತ್ತಲೆ. ಸೂಜಿಮೊನೆಯಷ್ಟೂ ಬೆಳಕಿಲ್ಲ. ಅವನಿಗೆ ಮೊದಲು ಅನಿಸಿದ್ದನ್ನು ಹೇಳಿಬಿಡಬೇಕು, ಮುಚ್ಚಿಟ್ಟರೆ ಪಾಪ. ಮೊದಲು ಅವನಿಗೆ ಹೆಮ್ಮೆಯೇ ಆಯಿತು, ಎಂಥ ಬೆಸುಗೆ ಎಂದು. ಆಮೇಲೆ ತಲೆಗೆ ಹೊಳೆಯಿತು. ಕಣ್ಣಿಗೆಂದು ಬೆರಳಗಲ ಸಂದು ಬಿಟ್ಟಿದ್ದು ನಿಜ. ಕೊನೆಯ ದಿನ ಎಲ್ಲ ಸಂದುಗಳ ಮೇಲೆ ಸಲಾಕೆ ಆಡಿಸುವಾಗ, ಇಪ್ಪತ್ತೈದು ವರ್ಷ ಸಂದು ಕಂಡಲ್ಲಿ ಮುಚ್ಚಿ ಮುಚ್ಚಿ ಪಳಗಿದ ಕೈ ಅದಕ್ಕೂ ಪಟ್ಟಿ ಕೊಟ್ಟು ಬೆಸೆದಿತ್ತು. ಟೀವಿಯ ವೀರನ ಕಣ್ಣಿನ ಜಾಗದಲ್ಲಿ ಕಪ್ಪು ಪಟ್ಟಿ ಇತ್ತಲ್ಲ, ಹಾಗೇ ಇರಲೆಂದು ಮೇಲೆ ಡಾಂಬರು ಬೇರೆ ಹಚ್ಚಿದ್ದ. ಮನುಷ್ಯರು ಹೊಕ್ಕು ನಡೆಯುವ ಸಾಮಾನನ್ನು ಅವನು ಆವರೆಗೆ ಮಾಡಿರಲಿಲ್ಲ.

ಆದರೆ ಮಗಳು ಕಾಣುತ್ತದೆ ಎಂದು ಯಾಕೆ ಹೇಳಿದಳು? ಅಪ್ಪನಿಗೆ ನೋವಾದೀತೆಂದು ಹೇಳಿರಬೇಕು ಎಂದು ಸಾವಕ್ಕ ಅಂದಳು. ಲಕ್ಷ್ಮೀ ತಲೆ ಅಲ್ಲಾಡಿಸಿದಳು. ನೆಲ ಕೆರೆಯುತ್ತ ಬಾಯಿ ಬಿಟ್ಟಳು.

"ಮಂದಿ ಕಂಡ್ರ ಕಾಲು ನಡಗತಾವ್ರಿ ಅಪ್ಪಾ. ಏನೂ ಕಾಣಲಿಲ್ಲಂದ್ರ ನಡಗಂಗಿಲ್ಲ. ಅದಕ್ಕ ಹಿಂಗ ಇರಲಿ ಅನಿಸ್ತು."

ಸಾವಕ್ಕ ಬುದ್ಧಿ ಹೇಳಲು ಹೊರಟಳು. ಹೊಳೆಯಪ್ಪ ಕೈಸನ್ನೆಯಿಂದ ತಡೆದ. ಅವನಿಗೆ ಈ ಮಾತು ಗೊತ್ತಿತ್ತು. ಕಣಜದೊಳಗೆ ಕೂತಾಗ ತನಗೆ ಸಿಗುವ ಹಿತವನ್ನು ಅವನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅಲ್ಲಿ ಯಾರೂ ನೋಡುವವರಿಲ್ಲ, ಯಾರನ್ನೂ ನೋಡುವ ಹಂಗಿಲ್ಲ. ಬೆಳಕಿನ ಚುಕ್ಕೆ ಇಲ್ಲವೆಂದು ಖಾತ್ರಿಯಾದ ಮೇಲೂ ಅವನು ಬಡಿಯದೆ ಸ್ವಲ್ಪ ಹೊತ್ತು ಕೂತಿರುವುದಿತ್ತು. ಅದೇ ಗುಣ ಮಗಳಿಗೆ ಇಳಿದಿದೆ ಎಂದು ತಿಳಿದು ಅವನಿಗೆ ಅವಳ ಮೇಲೆ ಹೇಳಲಾರದಷ್ಟು ಪ್ರೀತಿ ಬಂತು, ಜೊತೆಗೆ ಭಯವೂ ಆಯಿತು. ತನ್ನದೇನೋ ಕಣಜದೊಳಗೆ ನಡೆದುಹೋಯಿತು. ಇವಳಿಗೆ ಇನ್ನೂ ಹದಿಮೂರು ವರ್ಷ.

ಕುಲಾವಿಯನ್ನು ಮೊಣಕಾಲ ನಡುವೆ ಇಟ್ಟುಕೊಂಡು ಅವನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಮಗಳನ್ನು ಹತ್ತಿರ ಕೂಡಿಸಿಕೊಂಡ.

"ಮಂದಿ ಕಾಣೂದು ಬ್ಯಾಡ," ಎಂದ. "ದಾರಿ ಕಾಣಬೇಕು."

ಸಣ್ಣ ಮೊಳೆ ತೆಗೆದುಕೊಂಡ. ತಗಡಿನ ಮೇಲೆ ಇಟ್ಟ, ಸುತ್ತಿಗೆ ಎತ್ತಿದ, ಇಳಿಸಿದ. ಜೀವಮಾನವಿಡೀ ತೂತು ಮುಚ್ಚಿದವನು, ಹೊಡೆದವನಲ್ಲ. ಕೈ ಏಳಲೊಲ್ಲದು. ಎರಡನೆಯ ಸಲ ಕಣ್ಣು ಮುಚ್ಚಿ ಹೊಡೆದ. ಒಂದು ಆದ ಮೇಲೆ ಉಳಿದವು ಸಲೀಸು. ಕಪ್ಪು ಪಟ್ಟಿಯ ಕೆಳ ಅಂಚಿನಲ್ಲಿ ಎರಡು ಸಾಲು ತೂತು ಹೊಡೆದ, ಎಲ್ಲವೂ ಕೆಳಮುಖವಾಗಿ ಓರೆ. ಅದರೊಳಗಿಂದ ನೋಡಿದರೆ ನೆಲ ಕಾಣುತ್ತಿತ್ತು, ಮುಂದಿನ ಏಳೆಂಟು ಹೆಜ್ಜೆ ಕಾಣುತ್ತಿತ್ತು, ಎದುರು ನಿಂತವರ ಕಾಲು ಮೊಣಕಾಲಿನವರೆಗೆ ಕಾಣುತ್ತಿತ್ತು. ಅದರ ಮೇಲೆ ಏನೂ ಇಲ್ಲ. ಲಕ್ಷ್ಮೀ ಹಾಕಿಕೊಂಡು ಅಂಗಳದ ತುಂಬ ಓಡಾಡಿದಳು. ಇವು ಅವ್ವನ ಕಾಲು, ಇವು ಶಶಿಕಾಂತ ಕಾಕಾನವು ಎಂದು ಗುರುತು ಹೇಳಿ ನಕ್ಕಳು. ಅಪ್ಪನ ಹೆಬ್ಬೆರಳನ್ನಂತೂ ಅಂಗಳದ ಆ ತುದಿಯಿಂದಲೇ ಹಿಡಿದಳು.

ಹೊಳೆಯಪ್ಪ ಆಗ ಮಾತು ಕೊಟ್ಟ. ತಾನು ಮುಂದಿನ ಸಾಲಿನಲ್ಲಿ ಕೂಡುತ್ತೇನೆ, ಅವಳು ತನ್ನ ಕಾಲು ನೋಡುತ್ತ ನಡೆದು ಬರಬೇಕು. ಲಗ್ನದಲ್ಲಿ ಕಡೆಯ ಪಂಕ್ತಿಗೆ ಕೂಡುವ ಗಂಡ ಮುಂದಿನ ಸಾಲು ಎಂದದ್ದು ಕೇಳಿ ಸಾವಕ್ಕ ಬಾಯಿ ಮೇಲೆ ಸೆರಗಿಟ್ಟುಕೊಂಡಳು.

ಗ್ಯಾದರಿಂಗಿನ ಸಂಜೆ ಅವನು ಎಲ್ಲರಿಗಿಂತ ಮೊದಲು ಹೋಗಿ, ಮುಂದಿನ ಸಾಲಿನ ನಡುವಿನ ಕುರ್ಚಿಯ ತುದಿಯಲ್ಲಿ ಕೂತ. ಸ್ಟೇಜು ಮೊಳದೆತ್ತರದ್ದು, ಬೆಂಚುಗಳ ಮೇಲೆ ಹಲಗೆ ಹಾಸಿ ಮಾಡಿದ್ದು. ಜನ ತುಂಬತೊಡಗಿದಾಗ ಎದೆಗೆ ರಿಬ್ಬನ್ ಸಿಕ್ಕಿಸಿಕೊಂಡ ಮಾಸ್ತರರೊಬ್ಬರು ಬಂದು, ಈ ಸಾಲು ಪಾಹುಣ್ಯರಿಗೆ, ಕರೆದ ಅತಿಥಿಗಳಿಗೆ, ದಯವಿಟ್ಟು ಹಿಂದೆ ಬರ್ರಿ ಎಂದು ಮರ್ಯಾದೆಯಿಂದಲೇ ಕೇಳಿದರು. ನನ್ನ ಮಗಳಿಗೆ ನನ್ನ ಕಾಲು ಕಾಣಬೇಕು ಎಂದು ಹೇಗೆ ಹೇಳುವುದು? ಹೊಳೆಯಪ್ಪ ಎದ್ದ. ನಡುವಿನ ಸಾಲಿನಿಂದಲೂ ಯಾರೋ ಎಬ್ಬಿಸಿದರು. ಕೊನೆಗೆ ಗೋಡೆಗೆ ಒರಗಿ ಎಲ್ಲರ ಹಿಂದೆ ನಿಂತ. ನಾಚಿಕೆಯಿಂದ ಬೆವರುತ್ತಿದ್ದ. ಖರೆ ಹೇಳಬೇಕೆಂದರೆ ಹಿಂದೆ ಬಂದದ್ದಕ್ಕೆ ಒಳಗೊಳಗೆ ಹಗುರವೂ ಆಗಿತ್ತು. ಆ ಹಗುರವನ್ನು ಅವನು ಆಮೇಲೆ ಬಹಳ ದಿನ ಕ್ಷಮಿಸಿಕೊಳ್ಳಲಿಲ್ಲ.

ಟೊಮ್ಯಾಟೊ ಆದವಳು ಬಂದುಹೋದಳು. ಅಂಚೆಯವನು, ಜೋಗತಿ, ಗಡಿಯಾರ ಬಂದುಹೋದವು. ಆಮೇಲೆ ಪರದೆಯ ಹಿಂದಿನಿಂದ ಝಲ್ಲು ಝಲ್ಲು ಸದ್ದು ಬಂತು. ಮಕ್ಕಳ ಗದ್ದಲ ತಾನಾಗಿಯೇ ನಿಂತಿತು. ತಗಡಿನ ಅಂಗಿ ದೀಪಗಳ ಕೆಳಗೆ ಬಂದು ನಿಂತಿತು, ಥಳಥಳ. ಲೋಖಂಡಿ ಕಾಕಾ, ಲೋಖಂಡಿ ಕಾಕಾ ಎಂದು ಚಾಪೆಯ ಮೇಲಿದ್ದ ಮಕ್ಕಳು ಎದ್ದು ಕುಣಿದರು. ಅಂಗಿ ಎರಡು ಹೆಜ್ಜೆ ಮುಂದೆ ಬಂತು. ಅಲ್ಲಿ ನಿಂತುಬಿಟ್ಟಿತು.

ತಲೆ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು. ಹಿಂದೆ ಗೋಡೆಗೆ ನಿಂತ ಹೊಳೆಯಪ್ಪನಿಗೆ ಅವಳು ಏನು ಹುಡುಕುತ್ತಿದ್ದಾಳೆಂದು ಗೊತ್ತಿತ್ತು. ಮುಂದಿನ ಸಾಲಿನಲ್ಲಿ ಬೂಟುಗಳಿದ್ದವು, ಜರಿ ಅಂಚಿನ ಸೀರೆಗಳಿದ್ದವು. ಮಕ್ಕಳು ಸುಮ್ಮನಾದರು. ಯಾರೋ ಕಿಸಕ್ಕೆಂದರು. ಹೆಗಲ ಜೋಳ ಸಣ್ಣಗೆ, ಬಿಡದೆ ಸದ್ದು ಮಾಡತೊಡಗಿತು. ಉಳಿದವರಿಗೆ ಅದೇನೆಂದು ತಿಳಿಯಲಿಲ್ಲ. ಅವನಿಗೆ ತಿಳಿಯಿತು. ಮಗಳು ನಡುಗುತ್ತಿದ್ದಳು.

ಹೊಳೆಯಪ್ಪ ಗೋಡೆ ಬಿಟ್ಟ. ಕುರ್ಚಿಗಳ ನಡುವೆ, ಯಾರದೋ ಕಾಲು ತುಳಿದು, ಯಾರದೋ ಹೆಗಲು ತಳ್ಳಿ, ರಿಬ್ಬನ್ನಿನ ಮಾಸ್ತರರನ್ನು ದಾಟಿ, ಎಲ್ಲರ ಮುಂದೆ ಹೋಗಿ ಪಾಹುಣ್ಯರಿಗೂ ಸ್ಟೇಜಿಗೂ ನಡುವೆ ನಿಂತ. ಇಡೀ ಸಾಲೆ ಅವನನ್ನೇ ನೋಡುತ್ತಿತ್ತು. ಕಿವಿ ಕಾದ ಸಲಾಕೆಯಂತೆ ಸುಡುತ್ತಿದ್ದವು. ತಲೆ ಎತ್ತಲಾಗದೆ ಅವನು ಚಪ್ಪಲಿ ಬಿಟ್ಟು, ಕಪ್ಪು ಹೆಬ್ಬೆರಳಿನ ಎಡಗಾಲನ್ನು ಒಂದು ಗೇಣು ಮುಂದಿಟ್ಟ. ಹಿಂದಿನಿಂದ ಯಾರೋ ಕೂಡ್ರಿ, ಕೂಡ್ರಿ ಎಂದರು. ಅವನು ಕೂಡಲಿಲ್ಲ.

ಜೋಳದ ನಡುಕ ನಿಂತಿತು. ಆಮೇಲೆ ಒಂದೊಂದಾಗಿ, ತಾಳಕ್ಕೆ ಸರಿಯಾಗಿ, ಝಲ್, ಝಲ್, ಝಲ್. ತಗಡಿನ ಅಂಗಿ ಸ್ಟೇಜಿನ ತುದಿಯವರೆಗೆ ನಡೆದು ಬಂತು. ಅವನ ಕಾಲಿನ ಎದುರಿಗೆ ನಿಂತಿತು. ನಿಂತಲ್ಲೇ ಮೂರು ಸಲ ಜಿಗಿಯಿತು. ಹಲಗೆಗಳು ಗುಡುಗಿದವು, ಮಕ್ಕಳು ಕೂಗಿದ ಕೂಗು ಗೋಕುಲ ರಸ್ತೆಗೆ ಕೇಳಿರಬೇಕು.

ಬಹುಮಾನ ಟೊಮ್ಯಾಟೊಗೆ ಹೋಯಿತು. ಅದರ ಬಗ್ಗೆ ಸಾವಕ್ಕನಿಗೆ ಇಂದಿಗೂ ಸಿಟ್ಟಿದೆ. ಬಣ್ಣದ ಟೀವಿಯ ಮನೆಯ ಹುಡುಗಿಯೊಬ್ಬಳು ಬಂದು, ಲೋಖಂಡಿ ಕಾಕಾ ಕೆಂಪಗಿರುತ್ತಾನೆ, ನಿನ್ನದು ತಪ್ಪು ಎಂದಳು. ನಮ್ಮ ಮನೆಯಲ್ಲಿ ತಗಡಿನ ಬಣ್ಣ ಎಂದು ಲಕ್ಷ್ಮೀ ಅವಳ ಮುಖ ನೋಡಿಯೇ ಹೇಳಿದಳು. ಆಗ ಕುಲಾವಿ ಅವಳ ಕಂಕುಳಲ್ಲಿತ್ತು.

ಈಗ ಅದೇ ಲಕ್ಷ್ಮೀ ಸರ್ಕಾರಿ ಬಸ್ಸಿನ ಕಂಡಕ್ಟರು ಆದಳೆಂದರೆ ಯಾರು ನಂಬುತ್ತಾರೆ? ತುಂಬಿದ ಬಸ್ಸಿನಲ್ಲಿ ಅವಳು ಒಮ್ಮೆ ಮುಂದೆ ಸರಿಯಿರಿ ಎಂದರೆ ಡ್ರೈವರನೂ ಸರಿದು ಕೂಡುತ್ತಾನೆಂದು ಶಶಿಕಾಂತ ಆಡಿಕೊಳ್ಳುತ್ತಾನೆ. ಎರಡು ಸಾವಿರದ ಎಂಟರಲ್ಲಿ ಗಬ್ಬೂರಿನ ದುರ್ಗೇಶನ ಜೊತೆ ಅವಳ ಲಗ್ನ ಗೊತ್ತಾಯಿತು. ಅವನ ಊರು ದೂರದ್ದಲ್ಲ, ಬಸ್ಸು ಇಳಿದರೆ ಹತ್ತು ನಿಮಿಷದ ದಾರಿ, ಆದರೂ ಮಗಳನ್ನು ಬರಿಗೈಲಿ ಕಳಿಸಬಾರದೆಂದು ಹೊಳೆಯಪ್ಪ ಅವಳಿಗೆಂದು ಕಣಜ ಮಾಡಲು ಕೂತ. ಆ ಹೊತ್ತಿಗೆ ಅಂಥ ಕಣಜ ಕೇಳುವವರೇ ಕಡಿಮೆಯಾಗಿದ್ದರು. ಅವನ ಕಣ್ಣೂ ಮಂಜಾಗಿತ್ತು. ಬೆಸುಗೆಯನ್ನು ನೋಡುವುದಕ್ಕಿಂತ ಬೆರಳಿನಿಂದ ಸವರಿ ತಿಳಿಯುತ್ತಿದ್ದ. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಮುಗಿದ ಕಣಜವನ್ನು ಬಿಸಿಲಿಗೆ ನಿಲ್ಲಿಸಿದರು. ಒಳಗಿಳಿಯಲು ಅವನ ಮೊಣಕಾಲು ಕೇಳಲಿಲ್ಲ. ಲಕ್ಷ್ಮೀ ಸೀರೆ ಎತ್ತಿಕಟ್ಟಿ ತಾನೇ ಇಳಿದಳು. ಸಾವಕ್ಕ ಮುಚ್ಚಳ ಹಾಕಿದಳು. ಹೊಳೆಯಪ್ಪ ತಗಡಿಗೆ ಕೈ ಒತ್ತಿ ಕಾದ. ಎರಡು ಬಡಿತ ಬರಬೇಕಿತ್ತು, ಬರಲಿಲ್ಲ.

"ಬೆಳಕು ಕಾಣತೈತೇನವಾ?" ಎಂದು ಕೇಳಿದ.

ಅಂಗಳದಲ್ಲಿ ಹಿಂದೊಮ್ಮೆ ಕಾಣತೈತ್ರಿ ಎಂದು ಸುಳ್ಳು ಹೇಳಿದ ದನಿ ಅವನಿಗೆ ನೆನಪಾಯಿತು. ಈಗಲೂ ಸುಳ್ಳು ಹೇಳುತ್ತಾಳೇನೋ ಎಂದು ಹೆದರಿದ. ಹೇಳಲಿ ಎಂದೂ ಒಂದು ಗಳಿಗೆ ಆಸೆಪಟ್ಟ.

"ಒಂದ ಐತ್ರಿ ಅಪ್ಪಾ," ಎಂದಳು ಲಕ್ಷ್ಮೀ. "ಕೆಳಗ, ಬೆಸುಗಿ ಕಡೆ. ಸಾಸಿವಿ ಕಾಳಿನಷ್ಟು."

ಮೂವತ್ತನಾಲ್ಕು ವರ್ಷದಲ್ಲಿ ತನಗೆ ಸಿಗದೆ ಬೇರೆಯವರ ಕಣ್ಣಿಗೆ ಬಿದ್ದ ಮೊದಲ ತೂತು, ಅದೂ ಮಗಳ ಕಣಜದಲ್ಲಿ. ಹೊಳೆಯಪ್ಪ ಒಲೆಯ ಕಡೆ ಹೋಗಿ, ಸಲಾಕೆ ಕಾದಿದೆಯೇ ಎಂದು ನೋಡಿ, ಹಿಡಿದು ತಂದು, ಕಣಜದ ಬುಡದಲ್ಲಿ ಬೆರಳಿನಿಂದ ಜಾಗ ಹುಡುಕುತ್ತ ನಿಂತ. ಆಗ ತಗಡಿನೊಳಗಿಂದ ಮತ್ತೆ ದನಿ ಬಂತು. ಈ ಸಲ ಅದು ಬಸ್ಸಿನ ದನಿಯಲ್ಲ, ಎಂಟನೆತ್ತೆಯ ಹುಡುಗಿಯದು.

"ನಿಮ್ಮ ಕಾಲು ಕಾಣತಾವ್ರಿ ಅಪ್ಪಾ."

ಅವನು ಕೈ ಹಿಂದೆ ತೆಗೆದ. ಸಲಾಕೆಯನ್ನು ಸಾವಕ್ಕನ ಕೈಗೆ ಕೊಟ್ಟ.

"ಇನ್ನೊಂಚೂರು ನೋಡಕೊ," ಎಂದ. "ಆಮ್ಯಾಲೆ ಮುಚ್ಚತೇನಿ."

ಚಪ್ಪಲಿ ಬಿಟ್ಟು, ಎಡಗಾಲನ್ನು ಒಂದು ಗೇಣು ಮುಂದಿಟ್ಟು, ಸಲಾಕೆ ಆರುವವರೆಗೂ ಅಲ್ಲಾಡದೆ ನಿಂತಿದ್ದ.